ಬಾಯಾರಿಕೆಯ ತೂಕ

ಪ್ರಯಾಣಿಕರ ಗಮನಕ್ಕೆ. ಇಂದು ಬೆಳಿಗ್ಗೆಯಿಂದ ಮುಂದಿನ ಪ್ರಕಟಣೆಯವರೆಗೆ ನೀರು, ಹಾಲು, ಟೀ, ಕಾಫಿ ಹಾಗೂ ದ್ರವರೂಪದ ಸಕಲ ಗಾಡಿಗಳ ಸಂಚಾರವನ್ನು ಈ ಗಂಟಲಿನ ಮಾರ್ಗದಲ್ಲಿ ರದ್ದುಪಡಿಸಲಾಗಿದೆ. ಇದರಿಂದ ಉಂಟಾಗುವ ಅನನುಕೂಲಕ್ಕೆ ವಿಷಾದಿಸುತ್ತೇವೆ.

ಬಚ್ಚಲಿನ ಕನ್ನಡಿಯ ಮುಂದೆ ಹಲ್ಲುಜ್ಜುವ ಬ್ರಷ್ಷನ್ನು ಮೈಕಿನಂತೆ ಹಿಡಿದು ಅವನು ಇದನ್ನು ಮನಸ್ಸಿನಲ್ಲೇ ಹೇಳಿಕೊಂಡ. ರೈಲು ನಿಲ್ದಾಣದಲ್ಲಿ ಅನೌನ್ಸರ್ ಕೆಲಸ ಮಾಡಿ ಮಾಡಿ ಸ್ವಂತ ಸಂಗತಿಗಳೂ ಈಗ ಅವನಿಗೆ ಆ ಧಾಟಿಯಲ್ಲೇ ಹೊಳೆಯುತ್ತಿದ್ದವು. ಹೆಂಡತಿ ಮುನಿಸಿಕೊಂಡರೆ ಗಾಡಿ ಅನಿರ್ದಿಷ್ಟ ಕಾಲ ತಡವಾಗಿದೆ ಎನ್ನಿಸುತ್ತಿತ್ತು, ನಿದ್ದೆ ಬರದಿದ್ದರೆ ಗಾಡಿ ಹಿಂದಿನ ನಿಲ್ದಾಣವನ್ನೇ ಬಿಟ್ಟಿಲ್ಲ ಎನ್ನಿಸುತ್ತಿತ್ತು. ಬಾಯಲ್ಲಿ ನೊರೆ ತುಂಬಿತ್ತು. ಮುಕ್ಕಳಿಸಲು ಹೋದರೆ ಒಂದು ಹನಿ ಒಳಗೆ ಜಾರಬಹುದೆಂಬ ಭಯಕ್ಕೆ ಟವಲಿನ ತುದಿಯಿಂದ ನಾಲಿಗೆ, ವಸಡು ಎಲ್ಲವನ್ನೂ ಒರೆಸಿಕೊಂಡ. ಇಡೀ ದಿನ ಬಾಯಲ್ಲಿ ಪೇಸ್ಟಿನ ಕಹಿ ಇಟ್ಟುಕೊಂಡೇ ಇರಬೇಕು, ಇರಲಿ. ಇವತ್ತು ಆಸ್ಪತ್ರೆಯಲ್ಲಿ ಅವನಿಗೆ ನೀರು ಕೊಡದೆ ಕೂರಿಸಿ, ಅವನಿಂದ ಹೊರಬಂದದ್ದನ್ನೆಲ್ಲ ಅಳೆದು, ತೂಗಿ, ಅವನು ರೋಗಿಯೋ ಕಳ್ಳನೋ ಎಂದು ತೀರ್ಮಾನಿಸುವವರಿದ್ದರು. ಡಾಕ್ಟರು ಕಳ್ಳ ಎಂಬ ಮಾತನ್ನೇನೂ ಬಳಸಿರಲಿಲ್ಲ. ಆ ಪದವನ್ನು ಅವನೇ ಸೇರಿಸಿಕೊಂಡಿದ್ದ.

ಹೆಂಡತಿ ಬಾಗಿಲಲ್ಲಿ ಇಲಾಖೆಯ ಚಳಿಗಾಲದ ಕೋಟನ್ನು ಹಿಡಿದು ನಿಂತಿದ್ದಳು. ಆಸ್ಪತ್ರೆಯವರು ಏಸಿ ಹಾಕಿ ಹೆಣದ ಹಾಗೆ ತಣ್ಣಗೆ ಮಾಡಿಬಿಡುತ್ತಾರೆ, ಹಾಕಿಕೊಳ್ಳಿ ಎಂದಳು. ಒಂದು ಕರಡಿಯಷ್ಟು ಭಾರದ ಉಣ್ಣೆಯ ಕೋಟು, ಹಿತ್ತಾಳೆಯ ಗುಂಡಿಗಳು, ಒಳಗಡೆ ಒಂದು ಆಳವಾದ ಜೇಬು. ಆ ಜೇಬಿಗೆ ಅವನು, ಅವಳು ಅತ್ತ ತಿರುಗಿದ ಕೂಡಲೇ, ತನ್ನ ಸ್ಟೀಲ್ ಬಾಟಲಿಯನ್ನು ಕಂಠದವರೆಗೆ ತುಂಬಿಸಿ ಇಳಿಬಿಟ್ಟ. ಕುಡಿಯುವುದಕ್ಕಲ್ಲ. ಆ ಬಾಟಲಿಯಿಲ್ಲದೆ ಹೊಸಿಲು ದಾಟಿ ಅವನಿಗೆ ಗೊತ್ತಿರಲಿಲ್ಲ, ಅಷ್ಟೆ. ಜೊತೆಗೆ ಒಂದು ದೊಡ್ಡ ಆಲೋಚನೆಯೂ ಇತ್ತು: ಪಕ್ಕದಲ್ಲೇ ನೀರಿದ್ದೂ ಮುಟ್ಟದೆ, ಸಂಜೆ ಅದನ್ನು ತುಂಬಿದ ಹಾಗೇ ಮನೆಗೆ ತರುತ್ತೇನೆ. ಯಾರಿಗೂ ತೋರಿಸಬೇಕಾಗಿಲ್ಲ. ತಾನು ಬೇಕೆಂದು ಕುಡಿಯುವವನಲ್ಲ ಎಂಬುದು ತನಗೊಬ್ಬನಿಗೆ ಗೊತ್ತಾದರೆ ಸಾಕು. ಆಟೋದಲ್ಲಿ ಕೂತಾಗ ಬಾಟಲಿ ಪಕ್ಕೆಲುಬಿಗೆ ಒತ್ತುತ್ತಿತ್ತು, ತಣ್ಣಗೆ, ಸಾಕಿದ ಪ್ರಾಣಿಯ ಮೂತಿಯ ಹಾಗೆ.

ಸ್ಟೇಷನ್ನಿನಲ್ಲಿ ಅವನ ಹೆಸರು ನಲ್ಲಿ. ಸದಾ ತೆರೆದೇ ಇರುವ ನಲ್ಲಿ. ಇಟ್ಟವರು ಯಾರೆಂದು ಗೊತ್ತಿಲ್ಲ, ಈಗ ಎಲ್ಲರೂ ಹಾಗೇ ಕರೆಯುತ್ತಾರೆ, ಒಮ್ಮೆ ಸ್ಟೇಷನ್ ಮಾಸ್ತರರೇ ಫೋನಿನಲ್ಲಿ ಯಾರಿಗೋ 'ನಮ್ಮ ನಲ್ಲಿನ ಕೇಳ್ತೀನಿ ಇರಿ' ಅಂದುಬಿಟ್ಟಿದ್ದರು. ಮೊದಲು ಕೆಲಸ ಕಲಿಸಿದ ಹಳೆಯ ಅನೌನ್ಸರ್, ಗಂಟಲು ಒದ್ದೆ ಇಟ್ಟುಕೋ ಮಗನೇ, ಒಣ ಗಂಟಲಿನಲ್ಲಿ ಹೇಳಿದರೆ ಸಕಾಲಕ್ಕೆ ಬಂದ ಗಾಡಿಯೂ ತಡವಾಗಿ ಬಂದಂತೆ ಕೇಳಿಸುತ್ತದೆ ಎಂದಿದ್ದ. ಅಂದಿನಿಂದ ಮೈಕಿನ ಪಕ್ಕ ಬಾಟಲಿ. ಪ್ರತಿ ಗಾಡಿಗೂ ಒಂದು ಗುಟುಕು, ತಡವಾದ ಗಾಡಿಗೆ ಎರಡು, ರದ್ದಾದ ಗಾಡಿಗೆ ಮನಸ್ಸಿಗೆ ಸಮಾಧಾನವಾಗುವಷ್ಟು. ಆಮೇಲೆ ಯಾವಾಗ ಅದು ಗಂಟಲಿನ ಕೆಲಸವಾಗಿ ಉಳಿಯದೆ ಇಡೀ ಮೈಯ ಕೂಗಾಯಿತೋ ತಿಳಿಯದು. ಕುಡಿಯುವುದು, ಒಂದಕ್ಕೆ ಹೋಗುವುದು, ಬಂದು ಮತ್ತೆ ಕುಡಿಯುವುದು. ಸಿನಿಮಾ ಬಿಟ್ಟ, ದೂರದ ಮದುವೆಗಳನ್ನು ಬಿಟ್ಟ, ಸೋದರಮಾವ ಸತ್ತಾಗಲೂ ಬಸ್ಸಿನ ಪ್ರಯಾಣಕ್ಕೆ ಹೆದರಿ ಹೋಗದೆ ಉಳಿದ. ಊರಿನ ಯಾವ ಮೂಲೆಯಲ್ಲಿ ಮೂತ್ರಾಲಯ ಇದೆ ಎಂಬ ನಕ್ಷೆ ಅವನ ತಲೆಯಲ್ಲಿತ್ತು. ಆ ನಕ್ಷೆಯ ಹೊರಗಿನ ಪ್ರಪಂಚ ಅವನ ಪಾಲಿಗೆ ಕಡಲು.

ಡಾಕ್ಟರಮ್ಮ ವಯಸ್ಸಿನಲ್ಲಿ ಚಿಕ್ಕವರು, ಮಾತಿನಲ್ಲಿ ಆತುರವಿಲ್ಲದವರು. ಕಿಡ್ನಿ ಕೆಟ್ಟಿದೆಯಾ ಎಂದು ಅವನು ಕೇಳಿದಾಗ, ಆ ಧ್ವನಿಯಲ್ಲಿ ಆಸೆ ಇಣುಕಿದ್ದನ್ನು ಗಮನಿಸಿದರೋ ಏನೋ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟಿದ್ದರು. 'ನೋಡಿ, ಕಿಡ್ನಿ ದಿನಕ್ಕೆ ಒಂದು ದೊಡ್ಡ ಡ್ರಮ್ಮಿನಷ್ಟು ನೀರು ಸೋಸತ್ತೆ. ಅಷ್ಟೂ ಹೊರಗೆ ಹೋದರೆ ನಾವು ಮಧ್ಯಾಹ್ನದೊಳಗೆ ಹಪ್ಪಳ ಆಗ್ತೀವಿ. ಅದಕ್ಕೇ ಸೋಸಿದ್ದರಲ್ಲಿ ಹೆಚ್ಚುಕಡಿಮೆ ಎಲ್ಲಾನೂ ಅದೇ ವಾಪಸ್ ಎಳ್ಕೊಳ್ಳತ್ತೆ.' ಬಹುಪಾಲು ನೀರು ಯಾರ ಅಪ್ಪಣೆಗೂ ಕಾಯದೆ ಮೈಗೆ ಹಿಂದಿರುಗುತ್ತದಂತೆ. ಕೊನೆಯ ಒಂದು ಪಾಲಿಗೆ ಮಾತ್ರ ಮೇಲಿನಿಂದ ಹುಕುಂ ಬೇಕು. ಮಿದುಳಿನ ಕೆಳಗೆ ಬಟಾಣಿ ಕಾಳಿನಷ್ಟು ಗ್ರಂಥಿಯೊಂದು ನೇತಾಡಿಕೊಂಡಿದೆ. ಮೈಯಲ್ಲಿ ನೀರು ಕಡಿಮೆಯಾದಾಗ ಅದು ರಕ್ತದಲ್ಲಿ ಒಂದು ಸಂದೇಶ ಬಿಡುತ್ತದೆ. ಅದನ್ನು ಕೇಳಿ ಕಿಡ್ನಿಯ ಕಟ್ಟಕಡೆಯ ಕೊಳವೆಗಳಲ್ಲಿ ಕಣ್ಣಿಗೆ ಕಾಣದ ಬಾಗಿಲುಗಳು ತೆರೆದುಕೊಳ್ಳುತ್ತವೆ, ಹೊರಟಿದ್ದ ನೀರು ಹಿಂದಕ್ಕೆ ತಿರುಗುತ್ತದೆ. ನೀರು ಹೆಚ್ಚಾದರೆ ಸಂದೇಶ ನಿಲ್ಲುತ್ತದೆ, ಬಾಗಿಲು ಮುಚ್ಚುತ್ತದೆ, ಇದ್ದುದೆಲ್ಲ ಹೊರಗೆ. ಅವನಿಗೆ ಇದು ಅಂಗೈ ಗೆರೆಯಷ್ಟು ಸ್ಪಷ್ಟವಾಗಿ ಅರ್ಥವಾಯಿತು. ಸಾವಿರಾರು ಜನ ಹೊರಗೇಟಿನತ್ತ ನುಗ್ಗುತ್ತಿದ್ದಾರೆ. ಕೊನೆಯ ಗಳಿಗೆಯಲ್ಲಿ ಮೈಕಿನಲ್ಲಿ ಒಂದು ಧ್ವನಿ, ಹಿಂದಿರುಗಿ, ನಿಮ್ಮ ಗಾಡಿ ಇನ್ನೂ ಇಲ್ಲೇ ಇದೆ ಎನ್ನುತ್ತದೆ. ಆ ಧ್ವನಿ ಬರದೆ ಹೋದರೆ ಪ್ಲಾಟ್‌ಫಾರಂ ಖಾಲಿ.

'ಅಂದರೆ ನನ್ನ ತಲೆಯೊಳಗಿನ ಅನೌನ್ಸರ್ ಕುರ್ಚಿ ಬಿಟ್ಟು ಎದ್ದು ಹೋಗಿದಾನೆ ಅಂತೀರಾ?' ಎಂದು ಕೇಳಿದ್ದ.

'ಹೋಗಿರಬಹುದು. ಇಲ್ಲ, ಅವನು ಹೇಳ್ತಿದಾನೆ, ಕಿಡ್ನಿಗೆ ಕಿವುಡು ಬಂದಿರಬಹುದು. ಇಲ್ಲ, ಎರಡೂ ಸರಿಯಿದ್ದು ನೀವೇ ಅಭ್ಯಾಸಕ್ಕೆ ಬಿದ್ದು ಸುಮ್ಮನೆ ಕುಡೀತಿರಬಹುದು. ಹಾಗಾದರೆ ಅದು ಪಾಪ ಏನು ಮಾಡತ್ತೆ, ಹೊರಗೆ ಹಾಕ್ತಾ ಇದೆ.'

ಈ ಮೂರನೆಯದು ಮಾತ್ರ ಆಗಿರಬಾರದು. ಸ್ಟೇಷನ್ ಮಾಸ್ತರರು ಮುಖಕ್ಕೆ ಹೊಡೆದಂತೆ ಹೇಳಿದ್ದರು: 'ಡಾಕ್ಟ್ರು ಕಾಯಿಲೆ ಅಂದರೆ ನಾನು ನಿನ್ನ ಪರ ಮಾತಾಡ್ತೀನಿ. ಅಭ್ಯಾಸ ಅಂದರೆ ನನ್ನ ಬಾಯಿ ಕಟ್ಟಿಹೋಗತ್ತೆ ಮಾರಾಯ, ಪಾರ್ಸೆಲ್ ಗೋಡೌನೇ ಗತಿ.' ವಿಚಾರಣೆ ಸೋಮವಾರ. ಗೋಡೌನಿನಲ್ಲಿ ಮೈಕಿಲ್ಲ, ಮೂಟೆಗಳೊಂದಿಗೆ ಯಾರೂ ಮಾತಾಡುವುದಿಲ್ಲ. ಜಗತ್ತಿನಲ್ಲಿ ಎಲ್ಲರೂ ಆರೋಗ್ಯಕ್ಕೆ ಕೈಮುಗಿಯುವಾಗ ತಾನೊಬ್ಬ ಕಾಯಿಲೆಗೆ ಕೈಮುಗಿಯುತ್ತಿದ್ದೇನೆ ಎಂದು ನಗು ಬಂದಿತ್ತು. ಆ ನಗುವಿಗೂ ದಣಿವಾಗಿತ್ತು.

ಆಸ್ಪತ್ರೆ ತಲುಪಿದಾಗ ರಾತ್ರಿ ಪಾಳಿಯ ನರ್ಸಿಗೆ ಡ್ಯೂಟಿ ಮುಗಿಯುವ ಹೊತ್ತು. ಒಂದು ಕಣ್ಣು ಗಡಿಯಾರದ ಮೇಲೆ, ಒಂದು ಕಣ್ಣು ಅವನ ಮೇಲೆ. 'ಬೂಟು ಬಿಚ್ಚಿ, ಹತ್ತಿ' ಎಂದಳು. ಬೂಟು ಬಿಚ್ಚಿ ತೂಕದ ಯಂತ್ರ ಹತ್ತಿದ. ಕೋಟಿನ ವಿಷಯ ಅವಳು ಹೇಳಲಿಲ್ಲ. ಹೇಳಿದರೆ ಬಾಟಲಿ ಹೊರಬೀಳುತ್ತದಲ್ಲ ಎಂದು ಅವನು ಮೊಣಕೈಯಿಂದ ಜೇಬನ್ನು ಅವುಚಿಕೊಂಡು ಉಸಿರು ಬಿಗಿಹಿಡಿದು ನಿಂತಿದ್ದ. ತೂಕ ಬರೆದುಕೊಂಡಳು. ಗೆರೆಗಳಿದ್ದ ಒಂದು ಪ್ಲಾಸ್ಟಿಕ್ ಜಗ್ಗನ್ನು ಕೈಗಿಟ್ಟು, ಹೋದಾಗೆಲ್ಲ ಇದರಲ್ಲೇ, ತಂದು ಇಲ್ಲಿಡಿ, ಒಂದು ತೊಟ್ಟೂ ಆಚೆ ಹೋಗಬಾರದು ಎಂದು ಹೇಳಿಹೋದಳು. ಪಕ್ಕದ ಹಾಸಿಗೆಯಲ್ಲಿ ಕಾಲಿಗೆ ಕಟ್ಟು ಹಾಕಿಸಿಕೊಂಡಿದ್ದ ಒಬ್ಬ ಟೈಲರು ಅವನನ್ನು ಮೇಲಿಂದ ಕೆಳಗೆ ನೋಡಿ, ಕುತ್ತಿಗೆಯಿಂದ ಸೊಂಟದವರೆಗೆ ಕಣ್ಣಲ್ಲೇ ಅಳತೆ ತೆಗೆದುಕೊಂಡು, ಏನು ತೊಂದರೆ ಎಂದು ವಿಚಾರಿಸಿದ. ನೀರು ಕುಡಿಯದೆ ಇರುವುದು ಎಂದು ಇವನು ಒಣ ಗಂಟಲಲ್ಲಿ ಪಿಸುಗುಟ್ಟಿದ. ಅದೊಂದು ಕಾಯಿಲೆಯೇ ಎಂದು ಟೈಲರು ಗೋಡೆಗೆ ತಿರುಗಿಕೊಂಡ.

ಹೊತ್ತು ಏರಿದಂತೆ ನಾಲಿಗೆ ಯಾರೋ ಬಾಯೊಳಗೆ ಮರೆತು ಹೋದ ವಸ್ತುವಾಯಿತು. ನೀರು ಎಷ್ಟೊಂದು ಕಡೆ ಇದೆಯೆಂದು ಅವನು ಇದುವರೆಗೆ ಕಂಡೇ ಇರಲಿಲ್ಲ: ಟೈಲರನ ತಲೆಯ ಬಳಿಯ ಲೋಟದಲ್ಲಿ, ನೆಲ ಒರೆಸುವವಳ ಬಕೆಟ್ಟಿನಲ್ಲಿ, ಕಿಟಕಿಯಾಚೆ ಏಸಿಯ ಕೊಳವೆಯಿಂದ ಸಿಮೆಂಟಿನ ಮೇಲೆ ತೊಟ್ಟಿಕ್ಕಿ ಹಸಿರು ಪಾಚಿ ಕಟ್ಟಿದ ಜಾಗದಲ್ಲಿ. ಅವನು ಜಗ್ಗು ಹಿಡಿದು ವರಾಂಡದುದ್ದಕ್ಕೂ ನಡೆದ, ಮತ್ತೆ ನಡೆದ. ಎದುರಿಗೆ ಹಣ್ಣಿನ ಚೀಲ ಹಿಡಿದು ಬರುವ ಸಂಬಂಧಿಕರು ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತಿದ್ದರು. ಜೀವಮಾನವಿಡೀ ಜನ ತನ್ನ ಧ್ವನಿಗೆ ದಾರಿ ಬಿಟ್ಟಿದ್ದರು, ಈಗ ತನ್ನ ಮೂತ್ರಕ್ಕೆ. ಪ್ರತಿ ಸಲವೂ ಜಗ್ಗನ್ನು ಬೆಳಕಿಗೆ ಎತ್ತಿ ಬಣ್ಣ ನೋಡುತ್ತಿದ್ದ. ಕಿಡ್ನಿಗೆ ಹುಕುಂ ತಲುಪುತ್ತಿದ್ದರೆ ಅದು ನೀರನ್ನು ಹಿಂದಕ್ಕೆಳೆದು ಉಳಿದದ್ದನ್ನು ದಪ್ಪಗೆ, ಹಳದಿಯಾಗಿ ಕಳಿಸುತ್ತದೆ. ತಲುಪದಿದ್ದರೆ ಎಷ್ಟು ಬಾಯಾರಿದರೂ ನೀರಿನಂತೆ ತೆಳ್ಳಗೆ ಹರಿಯುತ್ತಲೇ ಇರುತ್ತದೆ. ತೆಳ್ಳಗಿದ್ದರೆ ಅವನು ಗೆದ್ದ. ಮೊದಲು ತೆಳ್ಳಗಿತ್ತು. ಊಟದ ಗಾಡಿ ಬರುವ ಹೊತ್ತಿಗೆ ಒಂದು ಎಳೆ ಹಳದಿ ಇಳಿದಂತೆ ಕಂಡಿತು. ಬೇಡ, ಎಂದ ಜಗ್ಗಿಗೆ. ಮಧ್ಯಾಹ್ನದ ಸೂರ್ಯ ಕಿಟಕಿಗೆ ಬಂದು, ಹಳದಿ ಬಿಸಿಲಿನದೋ ತನ್ನದೋ ಎಂಬ ಗೊಂದಲ ಹುಟ್ಟಿತು.

ವಿಚಾರಣೆಗೆ ಕಾರಣವಾದ ಆ ದಿನವೂ ಬಿಸಿಲಿತ್ತು. ಸ್ಟೇಷನ್ನಿನವರು ಅದನ್ನೊಂದು ಜೋಕು ಮಾಡಿಕೊಂಡಿದ್ದಾರೆ: ಗಾಡಿ ಒಂದಕ್ಕೆ ಬರಬೇಕಿತ್ತು, ಮೂರಕ್ಕೆ ಬಂತು, ಮೂರಕ್ಕೆ ಬಂತು ಅಂತ ಹೇಳಬೇಕಾದವನು ಒಂದಕ್ಕೆ ಹೋಗಿದ್ದ. ಪ್ಲಾಟ್‌ಫಾರಂ ಬದಲಾಗಿದೆ ಎಂದು ಹೇಳಲು ಕ್ಯಾಬಿನ್ನಿನಲ್ಲಿ ಫೋನು ಬಡಿದುಕೊಂಡಿತು, ಎತ್ತಲು ಯಾರೂ ಇರಲಿಲ್ಲ. ಗಾಡಿ ಮೂರನೆಯ ಪ್ಲಾಟ್‌ಫಾರಂನಲ್ಲಿ ಮೂತಿ ತೋರಿಸಿದ ಮೇಲೆ ಇಡೀ ಜನ ಮೇಲ್ಸೇತುವೆಯ ಮೆಟ್ಟಿಲಿಗೆ ಒಮ್ಮೆಲೇ ನುಗ್ಗಿತು, ಒಬ್ಬ ಅಜ್ಜಿ ಉರುಳಿಬಿದ್ದಳು. ಸೊಂಟದ ಮೂಳೆ. ಅವನು ಓಡಿಬಂದಾಗ ಅವಳು ಮೆಟ್ಟಿಲ ಬುಡದಲ್ಲಿ ಗೋಡೆಗೊರಗಿ ಕೂತಿದ್ದಳು, ಒಂದು ಚಪ್ಪಲಿ ಇರಲಿಲ್ಲ. ಎಲ್ಲರಿಗಿಂತ ಮುಂದೆ ಬಗ್ಗಿದವನ ಕೈಯಲ್ಲಿ ಬಾಟಲಿ ಇದ್ದದ್ದು ಕಂಡು, ಸ್ವಲ್ಪ ನೀರು ಕೊಡಪ್ಪ ಎಂದಳು. ಕೊಟ್ಟ. ಗುಟುಕರಿಸಿ, ಬಾಯೊರೆಸಿಕೊಂಡು, 'ಆ ಮೈಕಿನೋನು ಏನೂ ಹೇಳಲೇ ಇಲ್ಲವಲ್ಲೋ, ದಿನಾ ಅಷ್ಟೊಂದು ಬಡ್ಕೋತಾನೆ' ಎಂದಳು. ಅವನು ಬಾಯಿ ತೆರೆದ, ಮುಚ್ಚಿದ. ಒಂದು ಅಕ್ಷರ ಆಡಿದರೂ ಸಾಕಿತ್ತು, ಆ ಊರಿನಲ್ಲಿ ಅವನ ಮುಖ ಯಾರಿಗೂ ಗೊತ್ತಿಲ್ಲ, ಧ್ವನಿ ಗೊತ್ತಿಲ್ಲದವರಿಲ್ಲ. ಕೈಸನ್ನೆಯಲ್ಲೇ ಇನ್ನೂ ಕುಡಿ ಎಂದ, ಕೈಸನ್ನೆಯಲ್ಲೇ ಸ್ಟ್ರೆಚರ್ ಬರುತ್ತದೆ ಎಂದ. ಅಜ್ಜಿ ಅವನ ಗಲ್ಲ ಸವರಿ ಪಕ್ಕದವಳಿಗೆ ಹೇಳಿದಳು: 'ಪಾಪ, ಮೂಗ. ಮಾತು ಬರೋವ್ರಿಗಿಂತ ಎಷ್ಟೋ ವಾಸಿ.'

ಇಷ್ಟು ಎಲ್ಲರಿಗೂ ಗೊತ್ತು, ಮೂಗನಾದ ಭಾಗವೊಂದನ್ನು ಬಿಟ್ಟು. ಯಾರಿಗೂ ಗೊತ್ತಿಲ್ಲದ್ದು ಇನ್ನೊಂದಿದೆ, ಅದನ್ನು ಯಾವ ಜಗ್ಗೂ ಅಳೆಯಲಾರದು. ಒಂದಕ್ಕೆ ಹೋದ ಕೆಲಸ ಬೇಗನೇ ಮುಗಿದಿತ್ತು. ಕೈ ತೊಳೆದು ಹೊರಬಂದವನು ಮೂತ್ರಾಲಯದ ಪಕ್ಕದ ಸಣ್ಣ ಕಿಟಕಿಯ ಹತ್ತಿರ ನಿಂತ. ಅಲ್ಲಿಂದ ಹಳಿಗಳಾಚೆ ಒಂದು ಖಾಲಿ ಬಯಲು, ಬಯಲಲ್ಲಿ ಮೇಯುವ ಒಂದು ಕುದುರೆ. ಕ್ಯಾಬಿನ್ನಿಗೆ ಮರಳಿದರೆ ಮತ್ತೆ ಆ ಮೈಕು, ಆ ಗಾಡಿಗಳು, ಅದೇ ವಿಷಾದಿಸುತ್ತೇವೆ. ಒಂದು ಗಳಿಗೆ ಸುಮ್ಮನಿರೋಣ ಎನ್ನಿಸಿತು. ಯಾರೂ ತನ್ನ ಧ್ವನಿ ಕೇಳದ, ತನಗೂ ತನ್ನ ಧ್ವನಿ ಕೇಳಿಸದ ಒಂದು ಗಳಿಗೆ. ಕುದುರೆ ಬಾಲ ಬೀಸಿತು. ದೂರದಲ್ಲಿ ಫೋನು ಬಡಿದುಕೊಳ್ಳುತ್ತಿತ್ತು, ಬೇರೆ ಯಾರದೋ ಮನೆಯ ಫೋನಿನ ಹಾಗೆ. ಹೋಗಿದ್ದಕ್ಕೆ ಕಿಡ್ನಿ ಹೊಣೆಯಾಗಬಹುದು. ನಿಂತದ್ದಕ್ಕೆ ಯಾವ ಅಂಗ ಹೊಣೆ? ಆದರೂ ಸರಿ, ಮೊದಲ ಅರ್ಧಕ್ಕಾದರೂ ಡಾಕ್ಟರಮ್ಮ ಕಾಯಿಲೆ ಎಂದು ಬರೆದುಕೊಟ್ಟರೆ ಉಳಿದರ್ಧವನ್ನು ಅದರ ಬೆನ್ನ ಹಿಂದೆ ಅಡಗಿಸಿ ಹೇಗೋ ಬದುಕಬಹುದು. ಅವನ ಯೋಜನೆ ಎಂದರೆ ಇಷ್ಟೇ ಆಗಿತ್ತು.

ಊಟದ ನಂತರ ಏಸಿ ಕೆಟ್ಟಿತು. ವಾರ್ಡು ಬೇಯತೊಡಗಿತು. ಬೆವರಿದರೆ ನೀರು ಲೆಕ್ಕಕ್ಕೆ ಸಿಗದೆ ಹೋಗುತ್ತದೆಂದು ಅವನು ಕೋಟನ್ನು ಬಿಚ್ಚಿ, ಬಾಟಲಿ ಸದ್ದು ಮಾಡದಂತೆ ಎರಡು ಕೈಯಲ್ಲೂ ಹಿಡಿದು, ಗೋಡೆಯ ಮೊಳೆಗೆ ನೇತುಹಾಕಿದ. ಅದು ಅಲ್ಲಿ ಒಂದು ಭುಜ ಇಳಿಬಿಟ್ಟು ಅವನಂತೆಯೇ ನಿಂತಿತು. ಹೆಂಡತಿ ಫೋನು ಮಾಡಿದಳು. ಬಾಯಿ ಒದ್ದೆ ಮಾಡಿಕೊಳ್ಳೋಕೂ ಬಿಡಲ್ಲವಾ, ಅದೇನು ಡಾಕ್ಟ್ರೋ ಜೈಲರೋ ಎಂದಳು. ಅವನು ಹೂಂ ಎಂದ. ಆಮೇಲೆ, 'ಕಾಯಿಲೆ ಬರದೇ ಇರಲಿ ಅಂತ ನಾನು ಬೇಡ್ಕೋತಿದೀನಿ ಕಣ್ರೀ' ಎಂದಳು. ಒಂದೇ ಮನೆಯಿಂದ ಎರಡು ಬೇಡಿಕೆ ಮೇಲಕ್ಕೆ ಹೋದರೆ ಅಲ್ಲಿ ಕೂತವನಾದರೂ ಏನು ಮಾಡಿಯಾನು.

ಮಧ್ಯಾಹ್ನದ ನರ್ಸು ಬೇರೆ. ದಪ್ಪಗಿನ, ತಾಯಿಯಂಥ ಹೆಂಗಸು, ನಡೆದರೆ ಬೀಗದ ಕೈ ಗೊಂಚಲು ಸದ್ದು ಮಾಡುತ್ತಿತ್ತು. ಬನ್ನಿ ತೂಕ ನೋಡೋಣ ಎಂದಳು. ಅವನು ಬರಿಗಾಲಲ್ಲಿ, ಅಂಗಿಯಲ್ಲಿ ಹತ್ತಿದ. ಅವಳು ಮುಳ್ಳನ್ನು ನೋಡಿದಳು, ಬೆಳಗಿನ ಹಾಳೆ ನೋಡಿದಳು, ಅವನನ್ನು ನೋಡಿದಳು. ಇಳಿದು ಇನ್ನೊಮ್ಮೆ ಹತ್ತಿ ಎಂದಳು. ಹತ್ತಿದ. ಅವಳ ಮುಖ ಸಣ್ಣದಾಯಿತು. 'ಅಯ್ಯಯ್ಯೋ, ಇಷ್ಟೊಂದು ಇಳಿದುಬಿಟ್ಟಿದೀರಲ್ಲಣ್ಣ' ಎಂದು ಫೋನಿನತ್ತ ಸರಸರ ನಡೆದಳು. ಅಲ್ಲಿಂದಲೇ ಅವಳ ಮಾತು ಕೇಳಿಸುತ್ತಿತ್ತು: ಹೌದು ಮೇಡಂ, ಮಿತಿ ದಾಟಿದೆ ಮೇಡಂ, ಆಯ್ತು ಮೇಡಂ, ನಿಲ್ಲಿಸ್ತೀನಿ. ತೂಕ ಇಷ್ಟು ಬೇಗ ಇಳಿದರೆ ಮೈಯ ನೀರು ಅಪಾಯದ ಗೆರೆ ಮುಟ್ಟಿದೆಯೆಂದು ಅರ್ಥ, ಆಗ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ ನೀರು ಕೊಡಬೇಕು, ಅದು ನಿಯಮ. ಅಪಾಯದ ಗೆರೆ. ಹಾಗಾದರೆ ನೀರು ನಿಜವಾಗಿಯೂ ಸೋರಿಹೋಗಿದೆ, ಹಾಗಾದರೆ ಇದು ಕಾಯಿಲೆ, ಹಾಗಾದರೆ ಸೋಮವಾರ... ತೂಕದ ಯಂತ್ರದ ಮೇಲೆ ನಿಂತೇ ಅವನು ತಲೆ ಎತ್ತಿದ. ಎದುರಿಗೆ ಮೊಳೆಯಲ್ಲಿ ಕೋಟು ತೂಗುತ್ತಿತ್ತು.

ಒಳಜೇಬು ಬಾಟಲಿಯ ಭಾರಕ್ಕೆ ಜೋತು, ಉಣ್ಣೆಯ ಮೇಲೆ ಅದರ ಆಕಾರ ಎದ್ದು ಕಾಣುತ್ತಿತ್ತು.

ನರ್ಸು ಲೋಟ ಹಿಡಿದು ಬಂದಾಗಲೂ ಅವನು ಅದನ್ನೇ ನೋಡುತ್ತಿದ್ದ. ಲೆಕ್ಕ ಹಾಕಲು ಬುದ್ಧಿವಂತಿಕೆ ಬೇಕಿರಲಿಲ್ಲ. ಬೆಳಿಗ್ಗೆ ತೂಗಿದ್ದು ಅವನನ್ನು, ಕರಡಿಯಂಥ ಕೋಟನ್ನು, ತುಂಬಿದ ಬಾಟಲಿಯನ್ನು. ಈಗ ತೂಗಿದ್ದು ಅವನೊಬ್ಬನನ್ನು. ಅವನಿಂದ ಇಳಿದುಹೋದ ನೀರಿನಲ್ಲಿ ಬಹುಪಾಲು ಇನ್ನೂ ಅಲ್ಲೇ, ಕೈಗೆಟುಕುವ ದೂರದಲ್ಲಿ, ಬಿರಡೆ ಬಿಗಿದುಕೊಂಡು ಕೂತಿತ್ತು. ಹೇಳಬೇಕು, ಈಗಲೇ ಹೇಳಬೇಕು. ಹೇಳಿದರೆ ಕೋಟು ಹಾಕಿಸಿ ಮತ್ತೆ ತೂಗುತ್ತಾರೆ, ಪರೀಕ್ಷೆ ಮುಂದುವರಿಯುತ್ತದೆ, ಸಂಜೆಯೊಳಗೆ ಏನೋ ಒಂದು ಗೊತ್ತಾಗುತ್ತದೆ. ಆದರೆ ಜೇಬಿಗೆ ಕೈಹಾಕಿ ಬಾಟಲಿ ತೆಗೆದ ಮೇಲೆ, ಇದರಿಂದ ಕುಡಿದೇ ಇಲ್ಲ ಎಂದರೆ ನಂಬುವವರು ಯಾರು? ನಲ್ಲಿಯ ಜೇಬಿನಲ್ಲಿ ನೀರು ಸಿಕ್ಕಿತಂತೆ ಎಂದು ಸ್ಟೇಷನ್ನಿಗೆ ಸ್ಟೇಷನ್ನೇ ನಗುತ್ತದೆ. ಅಷ್ಟೇ ಅಲ್ಲ, ಜಗ್ಗಿನಲ್ಲಿ ಇಳಿಯುತ್ತಿದ್ದ ಆ ಎಳೆ ಹಳದಿ ಸಂಜೆಯ ಹೊತ್ತಿಗೆ ದಟ್ಟವಾಗಿಬಿಟ್ಟರೆ? ಬಾಯಿ ತೆರೆದ. ಒಣಗಿದ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು, ಗಾಳಿಯೊಂದು ಹೊರಬಂತು, ಅಕ್ಷರ ಬರಲಿಲ್ಲ.

'ಮಾತಾಡಬೇಡಿ ಅಣ್ಣ, ಮೊದಲು ಕುಡೀರಿ' ಎಂದು ಅವಳು ಲೋಟವನ್ನು ತುಟಿಗೇ ತಂದಳು.

ಕೈ ಅಡ್ಡ ಹಿಡಿದರೆ ಸಾಕಿತ್ತು. ಕೈಸನ್ನೆ ಅವನಿಗೆ ಚೆನ್ನಾಗಿ ಬರುತ್ತಿತ್ತು. ಲೋಟದ ಅಂಚು ತಣ್ಣಗಿತ್ತು, ನೀರಿನ ಮೇಲೆ ಟ್ಯೂಬ್‌ಲೈಟಿನ ಒಂದು ಬಿಳಿ ಗೆರೆ ನಡುಗುತ್ತಿತ್ತು. ಒಂದು ಗಳಿಗೆ, ಎಂದು ಒಳಗೆ ಯಾರೋ ಹೇಳಿದರು, ಕಿಟಕಿಯ ಹತ್ತಿರ ಹೇಳಿದ್ದರಲ್ಲ, ಅದೇ ಸ್ವರದಲ್ಲಿ. ಅವನು ಕುಡಿದ. ನೀರು ನಾಲಿಗೆಯ ಬಿರುಕುಗಳಲ್ಲಿ ಹರಿದು, ಗಂಟಲಲ್ಲಿ ಇಳಿದು, ಎದೆಯ ನಡುವೆ ತಣ್ಣನೆಯ ದಾರವೊಂದನ್ನು ಎಳೆಯಿತು. ಕಣ್ಣಲ್ಲೂ ನೀರು ಬಂತು, ಇಷ್ಟು ಬೇಗ ಅಲ್ಲಿಗೆ ಹೇಗೆ ತಲುಪಿತೋ. ಲೋಟ ಖಾಲಿಯಾಯಿತು. ಆಗ ಅವನ ಧ್ವನಿ ಮರಳಿತು. ಪೂರ್ತಿ ಮರಳಿತು, ತುಂಬಿಕೊಂಡು, ಸ್ಪಷ್ಟವಾಗಿ, ಮೇಲ್ಸೇತುವೆಯ ಆಚೆ ತುದಿಗೂ ಕೇಳಿಸುವಂತೆ.

'ತೂಕ ತಪ್ಪಾಗಿದೆ. ಬೆಳಿಗ್ಗೆ ಕೋಟಿನ ಸಮೇತ ತೂಗಿದ್ದು. ಕೋಟಿನಲ್ಲಿ ಒಂದು ಬಾಟಲಿ ನೀರಿದೆ.'

ವಾರ್ಡಿಗೆ ವಾರ್ಡೇ ತಿರುಗಿ ನೋಡಿತು. ಟೈಲರು ಕಟ್ಟು ಹಾಕಿದ ಕಾಲನ್ನೂ ಮರೆತು ಎದ್ದು ಕೂತು, 'ಅಯ್ಯೋ, ಇವರು ಸ್ಟೇಷನ್ನಿನೋರು. ಧ್ವನಿ ಕೇಳಿದ್ರೆ ಗೊತ್ತಾಗಲ್ವಾ' ಎಂದ. ನರ್ಸು ಮೊಳೆಯ ಹತ್ತಿರ ಹೋಗಿ ಜೇಬಿನಿಂದ ಬಾಟಲಿ ತೆಗೆದು, ಬಿರಡೆ ತಿರುಗಿಸಿ ಒಳಗೆ ಇಣುಕಿದಳು. ಕಂಠದವರೆಗೆ ತುಂಬಿತ್ತು. 'ನೀವು ಮುಟ್ಟಿಲ್ಲ, ನನಗೆ ಕಾಣ್ತಿದೆ' ಎಂದಳು ಮೆತ್ತಗೆ. 'ಆದರೆ ಇದನ್ನ ಲೋಟ ಕುಡಿಯೋಕೆ ಮುಂಚೆ ಹೇಳಬೇಕಿತ್ತಲ್ಲಣ್ಣ.'

ಅವಳು ಮತ್ತೆ ಫೋನಿಗೆ ಹೋಗಿ ಬಂದಳು. ಗುಟುಕು ನೀರು ಒಳಗೆ ಹೋದರೂ ಪರೀಕ್ಷೆ ಮುಗಿದಂತೆಯೇ, ಇವತ್ತಿನದು ಯಾವ ಕಡೆಗೂ ಲೆಕ್ಕಕ್ಕಿಲ್ಲ. ಮತ್ತೆ ಮೊದಲಿಂದ ಮಾಡಬೇಕು, ಹಾಸಿಗೆ ಖಾಲಿಯಾಗುವುದು ಮುಂದಿನ ತಿಂಗಳು. ಸೋಮವಾರದ ವಿಚಾರಣೆಗೆ ಏನು ಬರೆದುಕೊಡುತ್ತೀರಿ ಎಂದು ಅವನು ಕೇಳಿದ್ದಕ್ಕೆ, ಪರೀಕ್ಷೆ ಅಪೂರ್ಣ ಎಂದಷ್ಟೇ ಬರೆಯಬಹುದಂತೆ ಎಂದಳು. ಅವನು ತಲೆಯಾಡಿಸಿದ. ಕೋಟನ್ನು ಹಾಕಿಕೊಂಡ, ಅದು ಬೆಳಗಿಗಿಂತ ಭಾರವಾಗಿತ್ತು, ಬಾಟಲಿ ಅವಳ ಕೈಯಲ್ಲೇ ಇದ್ದರೂ. ಬೂಟಿನ ದಾರ ಕಟ್ಟಲು ಬಗ್ಗಿದಾಗ ಕೆಳಹೊಟ್ಟೆಯಲ್ಲಿ ಆ ಹಳೆಯ ಕರೆ ಎದ್ದಿತು. ಅಭ್ಯಾಸಬಲದಿಂದ ಮೇಜಿನ ಮೇಲಿದ್ದ ಜಗ್ಗಿಗೆ ಕೈಚಾಚಿದ.

ನರ್ಸು ಅದನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡಳು.

'ಇನ್ನು ಅಳೆಯೋದೇನೂ ಇಲ್ಲ ಅಣ್ಣ' ಎಂದಳು. 'ಹಾಗೇ ಹೋಗಿ ಬನ್ನಿ.'